ಡಬ್ಬಿ ಮೇಲಿನ ಡಬ್ಲ್ಯೂ

ಕಾರಿನ ಎಂಜಿನ್ ಆಯಿಲ್ ಡಬ್ಬಿ ಮೇಲೆ 5ಡಬ್ಲ್ಯೂ-30 ಅಂತ ಬರೆದಿರೋದನ್ನ ನೀವೂ ನೋಡಿರ್ತೀರಿ. ಆ ಡಬ್ಲ್ಯೂ ಅಂದ್ರೆ ವೇಯ್ಟ್ ಇರಬೇಕು ಅಂತ ನಾನು ಬಹಳ ವರ್ಷ ನಂಬಿದ್ದೆ. ಅಲ್ಲ, ಅದು ವಿಂಟರ್. ಹದಿನೈದು ಡಿಗ್ರಿಗೆ ಸ್ವೆಟರ್ ಹುಡುಕುವ ಬೆಂಗಳೂರಿನಲ್ಲಿ ಓಡೋ ಕಾರಿನ ಹೊಟ್ಟೆಯೊಳಗೂ ಯಾವುದೋ ಊರಿನ ಚಳಿಗಾಲದ ಲೆಕ್ಕ ಕೂತಿದೆ.

ಇದು ಗೊತ್ತಾಗಿದ್ದು ಮಿನಿಯಾಪೊಲಿಸ್‌ನಲ್ಲಿ. ಪ್ರಾಜೆಕ್ಟ್ ಮೇಲೆ ಹೋಗಿದ್ದಾಗ ಹಾಸನದ ಕಡೆಯ ಹಿರಿಯರೊಬ್ಬರು ಅಕ್ಟೋಬರಿನಲ್ಲೇ ಕೇಳಿದ್ರು, "ಚಳಿಗಾಲಕ್ಕೆ ಗಾಡಿ ಚೆಕ್ ಮಾಡಿಸಿದ್ಯೇನಪ್ಪಾ?" ನಾನು ನಕ್ಕು ಸುಮ್ಮನಾದೆ. ಜನವರಿಯ ಒಂದು ಬೆಳಗ್ಗೆ ಮೈನಸ್ 26. ಕೀ ತಿರುಗಿಸಿದ್ರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಹತ್ತು ನಿಮಿಷದಲ್ಲಿ ಬೆರಳುಗಳು ನನ್ನವು ಅನ್ನಿಸಲಿಲ್ಲ. ಫೋನ್ ಮಾಡಿದ್ರೆ ಅವರು, "ಊರಲ್ಲಿ ಕೀಲೆಣ್ಣೆ ಹಾಕದೆ ಗಾಡಿ ಕಟ್ತಿದ್ರೇನೋ?" ಅಂತ ಬೈಕೊಂಡೇ ಜಂಪರ್ ಕೇಬಲ್ ತಂದ್ರು.

ಆಮೇಲೆ ಈ ತಪಾಸಣೆಯ ಹಿಂದೆ ಏನಿದೆ ಅಂತ ಓದೋಕೆ ಶುರು ಮಾಡಿದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಉತ್ತರ ಅಮೆರಿಕದ ಎಷ್ಟೋ ಜನ ಚಳಿಗಾಲ ಬಂದರೆ ಕಾರನ್ನ ಮರದ ದಿಮ್ಮಿ ಮೇಲೆ ಎತ್ತಿಟ್ಟು ವಸಂತದವರೆಗೆ ಮರೆತುಬಿಡ್ತಿದ್ರು. ಕಾರುಗಳಿಗೆ ಮುಚ್ಚಿದ ಮೈಯೇ ಅಪರೂಪ. ಆದರೆ ಹಳ್ಳಿ ಡಾಕ್ಟರಿಗೆ ಆ ಭಾಗ್ಯವಿರಲಿಲ್ಲ, ಹೆರಿಗೆ ವಸಂತಕ್ಕೆ ಕಾಯಲ್ಲ ನೋಡಿ. ಅವರ ಶತ್ರು ರೇಡಿಯೇಟರಿನ ನೀರು. ಹೆಪ್ಪುಗಟ್ಟಿದ ನೀರು ಸುಮಾರು 9 ಶೇಕಡಾ ಹಿಗ್ಗುತ್ತೆ, ಎರಕದ ಕಬ್ಬಿಣದ ಎಂಜಿನ್ನೇ ಬಿರುಕು ಬಿಡುತ್ತೆ. ಹಾಗಾಗಿ ರಾತ್ರಿ ನೀರು ಬಸಿದು, ಬೆಳಗ್ಗೆ ಒಲೆ ಮೇಲೆ ಕಾಯಿಸಿದ ಬಿಸಿನೀರು ಸುರಿದು ಹೊರಡೋದು.

ಬಸಿಯೋಕೆ ಬೇಜಾರಾದವರು ನೀರಿಗೆ ಏನೇನೋ ಬೆರೆಸಿ ನೋಡಿದ್ರು. ಉಪ್ಪು, ಸಕ್ಕರೆ, ಜೇನುತುಪ್ಪ ಕೂಡ! ಹೆಚ್ಚು ಬಳಕೆಗೆ ಬಂದಿದ್ದು ಆಲ್ಕೋಹಾಲ್. ಅಗ್ಗ, ಸುಲಭವಾಗಿ ಹೆಪ್ಪುಗಟ್ಟಲ್ಲ. ತೊಂದರೆ ಏನಂದ್ರೆ, ಮೆಥನಾಲ್ 65 ಡಿಗ್ರಿಗೇ ಕುದಿಯುತ್ತೆ. ಎಂಜಿನ್ ಬಿಸಿಯಾದಂತೆ ಆರಿಹೋಗುತ್ತೆ, ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ಗ್ಯಾರೇಜಿನವರು ಹೈಡ್ರಾಮೀಟರ್ ಅದ್ದಿ ಅದ್ದಿ ನೋಡಬೇಕಿತ್ತು, ಚಳಿಗಾಲ ಪೂರ್ತಿ. ಇನ್ನೊಂದು ಕರಾಳ ಕಥೆಯೂ ಇದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಕಾರಿಗೂ ಕಾರ್ಖಾನೆಗೂ ಅಂತ ಮಾರುವ ಆಲ್ಕೋಹಾಲನ್ನು ಯಾರೂ ಕುಡಿಯಬಾರದು ಅಂತ ಸರ್ಕಾರವೇ ಅದಕ್ಕೆ ವಿಷ ಬೆರೆಸಿಸ್ತಿತ್ತು. ಜನ ಕುಡಿದೇ ಕುಡಿದರು. ಕಣ್ಣು ಹೋದವರು, ಸತ್ತವರು ಬಹಳ.

1927ರಲ್ಲಿ ಪ್ರೆಸ್ಟೋನ್ ಬಂತು, ಅಂದ್ರೆ ಎಥಿಲೀನ್ ಗ್ಲೈಕಾಲ್. ದುಬಾರಿ, ಆದರೆ ಕುದಿಯೋದು 197 ಡಿಗ್ರಿಗೆ, ಆರಿಹೋಗೋ ಮಾತೇ ಇಲ್ಲ. ಅರ್ಧಕ್ಕರ್ಧ ನೀರಿಗೆ ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತೆ. ವಾರವಾರದ ಕಾಟ ಹೋಗಿ ವರ್ಷಕ್ಕೊಂದು ಭೇಟಿ ಸಾಕು ಅನ್ನೋ ಹಾಗಾಯ್ತು: ಎಲೆ ಉದುರೋ ಕಾಲದಲ್ಲಿ ತುಂಬಿಸೋದು, ಹಿಮ ಕರಗಿದ ಮೇಲೆ ಬಸಿಯೋದು. ಇವತ್ತು ನಮ್ಮ ಕಾರುಗಳಲ್ಲಿರೋ ಹಸಿರು, ಗುಲಾಬಿ ಕೂಲೆಂಟ್ ಅದರದ್ದೇ ಸಂತಾನ.

ನನಗೆ ಕೈಕೊಟ್ಟಿದ್ದು ಮಾತ್ರ ನೀರಲ್ಲ, ಬ್ಯಾಟರಿ. ಚಳಿಗೆ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಎಂಜಿನ್ ತಿರುಗಿಸೋಕೆ ಹೆಚ್ಚು ಶಕ್ತಿ ಬೇಕು, ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿರುತ್ತೆ. ಬ್ಯಾಟರಿ ಮೇಲಿನ ಸಿಸಿಎ ಅನ್ನೋ ಅಂಕಿ, ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನೋದರ ಅಳತೆ. ಹಿಂದೆ ರೈತರು ಎಂಜಿನ್ ಕೆಳಗೆ ಕೆಂಡದ ಬಾಣಲೆ ಇಡ್ತಿದ್ರು, ಮೇಲೆ ಕಂಬಳಿ ಹೊದಿಸ್ತಿದ್ರು. ನಾರ್ತ್ ಡಕೋಟಾದ ಗ್ರಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್, ಹಳ್ಳಿಗಳಿಗೆ ಕರೆಂಟ್ ಕೊಡುವ ಸಹಕಾರ ಸಂಘದ ಮನುಷ್ಯ, ಎಂಜಿನ್ನಿನ ಒಂದು ಬೋಲ್ಟ್ ಜಾಗದಲ್ಲಿ ಕೂರೋ ಪುಟ್ಟ ಹೀಟರ್ ಮಾಡಿದ. 1949ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿ ಇವತ್ತಿಗೂ ಕಾರುಗಳ ಮೂತಿಯಿಂದ ಪ್ಲಗ್ ನೇತಾಡುತ್ತೆ. ಎಲೆಕ್ಟ್ರಿಕ್ ಕಾರು ಬರೋಕೆ ಎಷ್ಟೋ ಮೊದಲೇ ಇವರು ರಾತ್ರಿ ಕಾರಿಗೆ ಕರೆಂಟ್ ಕೊಡ್ತಿದ್ರು!

ಟೈರಿನ ಕಥೆ ಫಿನ್ಲೆಂಡಿನದು. ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಹಿಮದ ಟೈರ್ ಮಾಡಿತು. ಸ್ವೀಡನ್ನಿನಲ್ಲಿ 1999ರ ಡಿಸೆಂಬರ್ 1ರಿಂದ, ಚಳಿಗಾಲದ ರಸ್ತೆಗೆ ಚಳಿಗಾಲದ ಟೈರ್ ಕಾನೂನೇ ಆಯ್ತು. ಅಲ್ಲಿಗೆ, ನನ್ನಂಥ ನಗೋ ಆಸಾಮಿಗಳಿಗೂ ಬೇರೆ ದಾರಿ ಇಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ನಾನೇ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬ್ಯಾಟರಿಗೆ ಕ್ಲಿಪ್ ಹಾಕಿ ನೋಡಿದ, ಟೈರಿನ ಗೆರೆಗಳ ಆಳ ಅಳೆದ, ಕೊನೆಗೆ ಒಂದು ಪುಟ್ಟ ಕೊಳವೆಗೆ ಕೂಲೆಂಟ್ ಎಳೆದುಕೊಂಡ. ಒಳಗೆ ಬಣ್ಣದ ನಾಲ್ಕು ಗುಂಡುಗಳು ತೇಲಿದವು. ಹಳೇ ಹೈಡ್ರಾಮೀಟರಿನದೇ ಮೊಮ್ಮಗ. "ಗುಡ್ ಟು ಗೋ" ಅಂತ ಕೀ ಕೈಗಿಟ್ಟ.