ಫೋನ್ ಕದ್ದಾಲಿಕೆ ಪ್ರಕರಣ ಕಲಿಸಿದ ಪಾಠ



ಸರ್ಕಾರದ ಗುಟ್ಟನ್ನು ಬಯಲು ಮಾಡುವುದು ದ್ರೋಹವೇ, ಕರ್ತವ್ಯವೇ? ಇದಕ್ಕೆ ಉತ್ತರ ಹುಡುಕಲು ನಮ್ಮ ರಾಜ್ಯದ ಇತಿಹಾಸವನ್ನೇ ನೋಡಬಹುದು.

1983ರಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಮೌಲ್ಯಾಧಾರಿತ ರಾಜಕಾರಣದ ಮಾತಿನಿಂದ ದೇಶದಲ್ಲೆಲ್ಲ ಹೆಸರಾದರು. 1988ರಲ್ಲಿ ಅಜಿತ್ ಸಿಂಗ್ ಹಾಗೂ ಎಚ್.ಡಿ. ದೇವೇಗೌಡರು ಫೋನಿನಲ್ಲಿ ಆಡಿದ ಮಾತುಕತೆ ಪತ್ರಿಕೆಗೆ ಸೋರಿತು. ಅದನ್ನು ಕದ್ದು ಕೇಳಿದವರು ಯಾರು ಎಂಬ ಪ್ರಶ್ನೆ ಎದ್ದಿತು. ಬಳಿಕ, ರಾಜಕಾರಣಿಗಳೂ ಸೇರಿದಂತೆ ಹಲವರ ಫೋನ್ ಕದ್ದಾಲಿಸಲು ರಾಜ್ಯ ಪೊಲೀಸರು ಕೋರಿದ್ದರೆಂಬ ಕಾಗದಪತ್ರವೂ ಹೊರಬಂತು. ನೈತಿಕ ಹೊಣೆ ಹೊತ್ತು ಹೆಗಡೆಯವರು ಆ ವರ್ಷದ ಆಗಸ್ಟ್‌ನಲ್ಲಿ ರಾಜೀನಾಮೆಯಿತ್ತರು. 1989ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದು, ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡನೇ ಬಾರಿಗೆ ಮುಖ್ಯಮಂತ್ರಿಯಾದರು.

ಗಮನಿಸಿ, ಇಲ್ಲಿ ನಡೆದದ್ದು ಎರಡು ಸೋರಿಕೆ. ಮೊದಲನೆಯದು ಇಬ್ಬರ ಖಾಸಗಿ ಮಾತನ್ನು ಬೀದಿಗೆ ತಂದಿತು. ಎರಡನೆಯದು ಅಧಿಕಾರದ ದುರುಪಯೋಗದ ಶಂಕೆಯನ್ನು ಜನರ ಮುಂದಿಟ್ಟಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಯಲು ಮಾಡಿದವರಿಗೆ ರಾಜಕೀಯ ಲಾಭದ ಆಸೆ ಇದ್ದಿರಬಹುದು. ಆದರೆ ಹೇಳಿದವನ ಸ್ವಾರ್ಥದಿಂದ ಸತ್ಯವು ಸುಳ್ಳಾಗುವುದಿಲ್ಲ.

ಎಲ್ಲ ಗುಟ್ಟೂ ಕೆಟ್ಟದ್ದಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿದಾಗ ನಷ್ಟವಾದದ್ದು ಕಷ್ಟಪಟ್ಟು ಓದಿದ ಮಕ್ಕಳಿಗೆ. ಆ ಗುಟ್ಟು ಬಡ ವಿದ್ಯಾರ್ಥಿಯ ಹಕ್ಕನ್ನು ಕಾಯುತ್ತಿತ್ತು. ಅದು ಒಂದು ಅಮಾನತ್.

ಕಾನೂನೂ ನಿಧಾನವಾಗಿ ಈ ಭೇದವನ್ನು ಒಪ್ಪಿಕೊಂಡಿತು. 1996ರಲ್ಲಿ ಸುಪ್ರೀಂ ಕೋರ್ಟ್ ಫೋನ್ ಕದ್ದಾಲಿಕೆಗೆ ಕಟ್ಟುನಿಟ್ಟಿನ ನಿಯಮ ವಿಧಿಸಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಇತ್ತ ಸರ್ಕಾರಿ ಗುಟ್ಟುಗಳನ್ನು ಕಾಯಲು ಬ್ರಿಟಿಷರು ತಂದ 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಇದೆ. ಆದರೆ ಗುಟ್ಟು ಕಾಯುವುದಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ನೀಡಬಹುದೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಹೇಳುತ್ತದೆ.

ನಿಮ್ಮಲ್ಲಿ ಕೆಲವರು ನಾಳೆ ಠಾಣೆಯಲ್ಲೋ ತಹಶೀಲ್ ಕಚೇರಿಯಲ್ಲೋ ಕೆಲಸಕ್ಕೆ ಸೇರುವಿರಿ. ಗುಟ್ಟಿನ ಕಡತ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಗುಟ್ಟು ಕಾಯುತ್ತಿರುವುದು ಜನರನ್ನೋ, ಕುರ್ಚಿಯಲ್ಲಿ ಕುಳಿತವರನ್ನೋ? ಇದು ಬಯಲಾದರೆ ಪೆಟ್ಟು ಬೀಳುವುದು ತಪ್ಪಿತಸ್ಥನಿಗೋ, ನಿರಪರಾಧಿಗೋ? ಕಾನೂನಿನ ದಾರಿ ಇದ್ದರೆ ಮೊದಲು ಅದನ್ನೇ ಹಿಡಿಯಿರಿ. ಆದರೆ ಅನ್ಯಾಯವನ್ನು ಮುಚ್ಚಿಡುವುದನ್ನು ಮಾತ್ರ ನಿಷ್ಠೆ ಎಂದು ಕರೆಯಬೇಡಿ.