ಕಾರ್ಯಾಚರಣಾ ವ್ಯವಸ್ಥೆ

ಕಾರ್ಯಾಚರಣಾ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಮ್ ಎಂಬುದು ಗಣಕದ ಯಂತ್ರಾಂಶಕ್ಕೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಪ್ರೊಸೆಸರ್, ಮೆಮೊರಿ, ಡಿಸ್ಕ್ ಮುಂತಾದ ಸಂಪನ್ಮೂಲಗಳನ್ನು ಹಂಚುವ ಮೂಲ ತಂತ್ರಾಂಶ. ಯುನಿಕ್ಸ್, ಲಿನಕ್ಸ್, ವಿಂಡೋಸ್ ಇದರ ಪ್ರಸಿದ್ಧ ನಿದರ್ಶನಗಳು. ಇದರ ತಿರುಳು ಭಾಗಕ್ಕೆ ಕರ್ನೆಲ್ ಎಂದು ಹೆಸರು.

ಸರದಿ ನಿರ್ಣಯ

ಚಾಲನೆಯಲ್ಲಿರುವ ಪ್ರೋಗ್ರಾಮನ್ನು ಪ್ರಕ್ರಿಯೆ ಎನ್ನುತ್ತಾರೆ. ಪ್ರೊಸೆಸರಿಗಾಗಿ ಹಲವು ಪ್ರಕ್ರಿಯೆಗಳು ಕಾದಿರುವಾಗ ಯಾವುದು ಮೊದಲು ಎಂಬುದನ್ನು ಕರ್ನೆಲ್ ನಿರ್ಧರಿಸುತ್ತದೆ. ಅತ್ಯಂತ ಸರಳ ನಿಯಮವೆಂದರೆ ಮೊದಲು ಬಂದದ್ದಕ್ಕೆ ಮೊದಲ ಸೇವೆ. ಕರ್ನಾಟಕದ ಕಂದಾಯ ಇಲಾಖೆ 2000ರ ದಶಕದ ಆರಂಭದಲ್ಲಿ ಜಾರಿಗೆ ತಂದ 'ಭೂಮಿ' ತಂತ್ರಾಂಶ ಕಾರ್ಯಾಚರಣಾ ವ್ಯವಸ್ಥೆಯಲ್ಲವಾದರೂ ಈ ನಿಯಮವನ್ನು ಚೆನ್ನಾಗಿ ತೋರಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಸೇರಿದಂತೆ ಆಗಿನ 177 ತಾಲ್ಲೂಕುಗಳ ಪಹಣಿಗಳು ಗಣಕಕ್ಕೆ ಬಂದಾಗ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಯಾರ ಅರ್ಜಿಯನ್ನು ಮುಂದಕ್ಕೆ ತರಬೇಕು ಎಂಬ ಆಯ್ಕೆಯನ್ನು ಸಿಬ್ಬಂದಿಯ ಕೈಯಿಂದ ತಪ್ಪಿಸುವುದು ಅದರ ಉದ್ದೇಶವಾಗಿತ್ತು.

ಪ್ರೊಸೆಸರಿಗೆ ಲಂಚದ ಭಯವಿಲ್ಲ. ಅಲ್ಲಿನ ಸಮಸ್ಯೆ ವಿಳಂಬ. ದೀರ್ಘವಾದ ಒಂದು ಪ್ರಕ್ರಿಯೆ ಮುಂದಿದ್ದರೆ ಚಿಕ್ಕವೆಲ್ಲ ಅದರ ಹಿಂದೆ ಕಾಯಬೇಕಾಗುತ್ತದೆ. ಆದುದರಿಂದ ರೌಂಡ್ ರಾಬಿನ್ ವಿಧಾನದಲ್ಲಿ ಪ್ರತಿ ಪ್ರಕ್ರಿಯೆಗೂ ಕೆಲವು ಮಿಲಿಸೆಕೆಂಡುಗಳ ಅವಧಿ ನೀಡಿ, ಕೆಲಸ ಮುಗಿಯದಿದ್ದರೆ ಸಾಲಿನ ಕೊನೆಗೆ ಕಳುಹಿಸಲಾಗುತ್ತದೆ.

ಪರಸ್ಪರ ಹೊರಗಿಡುವಿಕೆ

ಇಬ್ಬರು ಒಂದೇ ದತ್ತಾಂಶವನ್ನು ಏಕಕಾಲದಲ್ಲಿ ತಿದ್ದಿದರೆ ಗಂಭೀರ ದೋಷ ಉಂಟಾಗುತ್ತದೆ. ಒಂದು ಸರ್ವೆ ನಂಬರಿನಲ್ಲಿ 4 ಎಕರೆ ಇದೆಯೆಂದು ಭಾವಿಸಿ. ಒಬ್ಬ ನೌಕರ 1 ಎಕರೆಯ ಮಾರಾಟವನ್ನೂ ಇನ್ನೊಬ್ಬ 2 ಎಕರೆಯ ಮಾರಾಟವನ್ನೂ ನಮೂದಿಸಲು ಅದೇ ದಾಖಲೆಯನ್ನು ತೆರೆಯುತ್ತಾರೆ. ಇಬ್ಬರೂ ಓದುವುದು 4. ಮೊದಲನೆಯವನು 3 ಎಂದು ಬರೆಯುತ್ತಾನೆ, ಎರಡನೆಯವನು ಅದರ ಮೇಲೆ 2 ಎಂದು ಬರೆಯುತ್ತಾನೆ. ಉಳಿಯಬೇಕಾದುದು 1 ಎಕರೆ. ಮೊದಲ ಮಾರಾಟದ ಲೆಕ್ಕವೇ ಅಳಿಸಿಹೋಗಿದೆ. ಇದನ್ನು ರೇಸ್ ಕಂಡಿಷನ್ ಎನ್ನುತ್ತಾರೆ. ಒಬ್ಬರು ತಿದ್ದಿ ಮುಗಿಸುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗವೇ ಇದಕ್ಕೆ ಪರಿಹಾರ. ದಾಖಲೆಗಳ ಮಟ್ಟದಲ್ಲಿ ಈ ಬೀಗವನ್ನು ಸಾಮಾನ್ಯವಾಗಿ ಡೇಟಾಬೇಸ್ ತಂತ್ರಾಂಶ ಹಾಕುತ್ತದೆ. ಕರ್ನೆಲ್ ಒದಗಿಸುವ ಸೆಮಫೋರ್, ಮ್ಯೂಟೆಕ್ಸ್‌ಗಳ ತತ್ತ್ವವೂ ಅದೇ.

ಡೆಡ್‌ಲಾಕ್

ಬೀಗದಿಂದ ಹೊಸ ತೊಡಕೂ ಹುಟ್ಟುತ್ತದೆ. ಒಂದು ಪ್ರಕ್ರಿಯೆ 12ನೆಯ ಸರ್ವೆ ನಂಬರನ್ನು ಹಿಡಿದು 15ಕ್ಕೆ ಕಾದಿದ್ದು, ಇನ್ನೊಂದು 15ನ್ನು ಹಿಡಿದು 12ಕ್ಕೆ ಕಾದಿದ್ದರೆ ಎರಡೂ ಮುಂದುವರಿಯಲಾರವು. ಪರಸ್ಪರ ಹೊರಗಿಡುವಿಕೆ, ಹಿಡಿದುಕೊಂಡೇ ಕಾಯುವುದು, ಬಲವಂತವಾಗಿ ಬಿಡಿಸಲಾಗದಿರುವುದು, ಚಕ್ರಾಕಾರದ ಕಾಯುವಿಕೆ ಎಂಬ ನಾಲ್ಕೂ ಒಟ್ಟಿಗೆ ಸೇರಿದಾಗ ಮಾತ್ರ ಹೀಗಾಗುತ್ತದೆ ಎಂದು 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ನಿರೂಪಿಸಿದರು. ಬೀಗಗಳನ್ನು ಸದಾ ಏರಿಕೆಯ ಕ್ರಮದಲ್ಲಿ ಪಡೆಯಬೇಕೆಂದು ವಿಧಿಸಿದರೆ ನಾಲ್ಕನೆಯದು ಸಂಭವಿಸದು: ಎರಡೂ ಪ್ರಕ್ರಿಯೆಗಳು ಮೊದಲು 12ನ್ನೇ ಕೇಳಬೇಕಾಗುತ್ತದೆ.