ಸಣ್ಣ ಪೆಟ್ಟಿಗೆಗೆ ದೊಡ್ಡ ದುಡ್ಡು

2025ರ ದೀಪಾವಳಿಗೆ ನನ್ನ ತಂಗಿಯ ಮಗ ಘನ್ಸೋಲಿಯಿಂದ ಡೊಂಬಿವಲಿಗೆ, ನಮ್ಮ ಮನೆಗೆ ಬಂದಿದ್ದ. ಐರೋಲಿಯಲ್ಲಿ ಕೆಲಸ. ಮೂವರು ಹುಡುಗರು ಸೇರಿ ಒಂದು ‘ಒನ್ ಆರ್‌ಕೆ’ ಬಾಡಿಗೆಗೆ ಹಿಡಿದಿದ್ದಾರೆ. ರಜೆಯಲ್ಲಿ ಯಕ್ಷಗಾನದ ವಿಡಿಯೋ ಮಾಡಿ, ಕತ್ತರಿಸಿ ಜೋಡಿಸುವ ಹುಚ್ಚು ಅವನಿಗೆ. ಊಟ ಮುಗಿಸಿ ಕೈತೊಳೆದು ಬಂದವನೇ ಕೇಳಿದ:

"ಮಾವ, ಒಂದು ಮ್ಯಾಕ್ ಮಿನಿ ತೆಗೊಳ್ಳುವ ಅಂತ ಉಂಟು. ಅಷ್ಟು ಸಣ್ಣ ಡಬ್ಬಿಗೆ ಅರುವತ್ತು ಸಾವಿರ ಕೊಡಬಹುದಾ? ಆ ದುಡ್ಡಿಗೆ ದೊಡ್ಡ ಟವರೇ ಬರ್ತದೆ ಅಂತ ರೂಮಿನವರು ತಮಾಷೆ ಮಾಡ್ತಾರೆ."

ಅವನಿಗೆ ಅದು ಎರಡು ತಿಂಗಳ ಉಳಿತಾಯ. "ಆಲೋಚಿಸಿ ಹೇಳ್ತೇನೆ ಮಾರಾಯ" ಅಂದೆ. ಅವನು ಹೋದ ಮೇಲೆ ಹಳೆಯದೆಲ್ಲ ನೆನಪಾಗುತ್ತಾ ಹೋಯಿತು. ಈ ಪ್ರಶ್ನೆ ನಮ್ಮ ಈ ಕಡೆಯ ಊರುಗಳಲ್ಲಿ ಹೊಸದಲ್ಲ. ಕನಿಷ್ಠ ಇಪ್ಪತ್ತು ವರ್ಷಗಳಿಂದ ಬೇರೆ ಬೇರೆ ವೇಷ ಹಾಕಿ ಬರುತ್ತಲೇ ಇದೆ.

ಮೊದಲು ಒಂದು ವಿಚಿತ್ರ. ಕಂಪ್ಯೂಟರಿನ ಚರಿತ್ರೆಯಲ್ಲಿ ಬಹುಕಾಲ ‘ಸಣ್ಣದು’ ಎಂದರೆ ‘ಅಗ್ಗದ್ದು’ ಎಂದೇ ಅರ್ಥ. ಕೊಲಾಬಾದ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ತಿಯಾದ ಟಿಫ್ರಾಕ್ ಯಂತ್ರಕ್ಕೆ ಒಂದು ಕೋಣೆಯೇ ಬೇಕಿತ್ತು. ಅಮೆರಿಕದಲ್ಲಿ 1965ರಲ್ಲಿ ಡಿಇಸಿ ಕಂಪೆನಿಯ ಪಿಡಿಪಿ-8 ಬಂದಾಗ ಜನ ಬೆರಗಾದದ್ದು ಅದರ ಗಾತ್ರಕ್ಕಷ್ಟೇ ಅಲ್ಲ, ಬೆಲೆಗೆ. 18,000 ಡಾಲರ್! ಆ ಕಾಲದ ದೊಡ್ಡ ಯಂತ್ರಗಳ ಎದುರು ಅದು ಚಿಲ್ಲರೆ ಕಾಸು. ನಮ್ಮಲ್ಲೂ 1969ರಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಟಿಡಿಸಿ-12 ಎಂಬ ಯಂತ್ರ ತಯಾರಾಯಿತು. ವಾಶಿಯ ಖಾಡಿ ಸೇತುವೆಯ ಮೇಲೆ ನಿಂತು ನೋಡಿದರೆ ಟ್ರಾಂಬೆ ಆಚೆ ದಡ. ಆಗ ಸೇತುವೆಯೂ ಇರಲಿಲ್ಲ, ನವಿ ಮುಂಬಯಿಯೂ ಇರಲಿಲ್ಲ. ಸಿಡ್ಕೋ ಹುಟ್ಟಿದ್ದೇ 1970ರಲ್ಲಿ.

ಕಂಪ್ಯೂಟರ್ ಮೇಜಿನ ಮೇಲೆ ಬಂದು ಕೂತ ಮೇಲೆ ಲೆಕ್ಕ ತಿರುಗಿಬಿತ್ತು. ಅದಕ್ಕಿಂತ ಸಣ್ಣದು ಮಾಡಬೇಕಾದರೆ ಲ್ಯಾಪ್‌ಟಾಪಿನ ಡಿಸ್ಕು, ಬೇರೆಯೇ ಅಳತೆಯ ಮದರ್‌ಬೋರ್ಡು, ಬಿಸಿ ಹೊರಹಾಕಲು ಬೇರೆ ಏರ್ಪಾಡು, ಹೊರಗೆ ಒಂದು ಅಡಾಪ್ಟರು, ಎಲ್ಲ ದುಬಾರಿ. 2000ದ ಜುಲೈಯಲ್ಲಿ ಆ್ಯಪಲ್ ಕಂಪೆನಿ ಎಂಟಿಂಚಿನ ‘ಜಿ4 ಕ್ಯೂಬ್’ ತಂದಿತು. ನೋಡಲು ಬಲು ಚೆಂದ. ಬೆಲೆ 1,799 ಡಾಲರ್. ಅದೇ ಕಂಪೆನಿಯ ಕೆಳಗಿನ ದರ್ಜೆಯ ಟವರ್ 1,599ಕ್ಕೆ ಸಿಗುತ್ತಿತ್ತು, ಅದರಲ್ಲಿ ಹೊಸ ಕಾರ್ಡು ಹಾಕಲು ಜಾಗವೂ ಇತ್ತು. ಗ್ರಾಹಕ ಟವರನ್ನೇ ಹೊತ್ತುಕೊಂಡು ಹೋದ. 2001ರ ಜುಲೈಯಲ್ಲಿ ಕ್ಯೂಬ್ ನಿಂತೇಹೋಯಿತು.

ನಮಗೆ ಇದರ ಗೊಡವೆಯೇ ಇರಲಿಲ್ಲ ಬಿಡಿ. ಥಾಣೆ, ಡೊಂಬಿವಲಿ, ಕಲ್ಯಾಣಗಳ ಮಧ್ಯಮವರ್ಗಕ್ಕೆ ಕಂಪ್ಯೂಟರ್ ಎಂದರೆ ಲ್ಯಾಮಿಂಗ್ಟನ್ ರೋಡಿನ ‘ಅಸೆಂಬಲ್’. ಗ್ರಾಂಟ್‌ರೋಡ್ ಸ್ಟೇಶನ್ನಿನ ಪೂರ್ವಕ್ಕೆ ಇಳಿದರೆ ಸಾಲು ಅಂಗಡಿ. ಬೋರ್ಡು ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ, ಕ್ಯಾಬಿನೆಟ್ ಮತ್ತೊಂದು ಕಡೆ. ಚೌಕಾಸಿ ಮಾಡಿ ಜೋಡಿಸಿಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಲೋಕಲಿನ ಲಗೇಜು ಡಬ್ಬದಲ್ಲಿ ಮೀನಿನ ಬುಟ್ಟಿ, ತರಕಾರಿ ಗೋಣಿಗಳ ನಡುವೆ ಮಗುವನ್ನು ಹಿಡಿದ ಹಾಗೆ ಹಿಡಿದು ಡೊಂಬಿವಲಿಗೆ ತಂದದ್ದು ನಾನೇ. ಮನೆಯಲ್ಲಿ ಇಟ್ಟ ಮೇಲೆ ಗೊತ್ತಾದದ್ದು, ಅಡುಗೆಮನೆಗೆ ಹೋಗುವ ದಾರಿ ಒಂದು ಗೇಣು ಕಿರಿದಾಗಿದೆ ಎಂದು. ಹೆಂಡತಿ ಏನೂ ಹೇಳಲಿಲ್ಲ. ಅದಕ್ಕೊಂದು ಬಟ್ಟೆಯ ಹೊದಿಕೆ ಹೊಲಿದು ಅದರ ಮೇಲೆ ಹೂದಾನಿ ಇಟ್ಟಳು, ಅಷ್ಟೆ.

ಆಮೇಲೆ 2005 ಬಂತು. ನನ್ನ ಮಟ್ಟಿಗೆ ಈ ಕತೆಯ ಮುಖ್ಯ ವರ್ಷ ಅದೇ.

ಜನವರಿ 11ರಂದು ಸ್ಟೀವ್ ಜಾಬ್ಸ್ ಮೊದಲ ಮ್ಯಾಕ್ ಮಿನಿ ತೋರಿಸಿದರು. ಆರೂವರೆ ಇಂಚು ಚೌಕ, ಎರಡಿಂಚು ಎತ್ತರ, 499 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 22,000 ರೂಪಾಯಿ. ಕೀಲಿಮಣೆ, ಮೌಸು, ಮಾನಿಟರು ನಿಮ್ಮದೇ. ಅದೇ ವರ್ಷ ಎಚ್‌ಸಿಎಲ್ ಹತ್ತು ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆಗೆ ಪೂರಾ ಕಂಪ್ಯೂಟರ್ ಕೊಡುತ್ತೇವೆ ಎಂದು ಮಾರುಕಟ್ಟೆಗೆ ಇಳಿಯಿತು. ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಕಂಪೆನಿಯೂ ಅದೇ ಮೇ ತಿಂಗಳಲ್ಲಿ ‘ಮೊಬಿಲಿಸ್’ ಎಂಬ ಸಣ್ಣ ಕಂಪ್ಯೂಟರನ್ನು 15,000 ರೂಪಾಯಿಗೂ, ಅದರ ಡೆಸ್ಕ್‌ಟಾಪ್ ರೂಪ ‘ಸಾಫ್‌ಕಾಂಪ್’ ಅನ್ನು 10,000ಕ್ಕೂ ಘೋಷಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೊಂದಿಗೆ ಸೇರಿ ಸಿಂಪ್ಯೂಟರ್ ಮಾಡಿದ ಕಂಪೆನಿಯೇ ಇದು. ಸಣ್ಣದು ಅಗ್ಗವೂ ಆಗಬಹುದು ಎಂದು ಬೆಂಗಳೂರಿನಲ್ಲಿ ಕೆಲವರು ನಿಜವಾಗಿಯೂ ನಂಬಿದ್ದರು. ಪೇಟೆ ಅವರ ಕೈ ಹಿಡಿಯಲಿಲ್ಲ. ನನಗೆ ಇಂದಿಗೂ ಬೇಸರವಿದೆ.

ಅದೇ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮುಂಬಯಿಯ ಸುದ್ದಿ ಎಲ್ಲರಿಗೂ ಗೊತ್ತು. ಇತ್ತ ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದ್ಲಾಪುರಗಳ ಕೆಳಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ಟವರಿನ ಜಾಗ ಎಲ್ಲಿ? ಮೇಜಿನ ಕೆಳಗೆ, ನೆಲದ ಮೇಲೆ. ಕಲ್ಯಾಣದಲ್ಲಿ ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಮಾನಿಟರು ಮೇಜಿನ ಮೇಲೆ ಒಣಗಿ ಕೂತಿತ್ತು, ಕಂಪ್ಯೂಟರು ಕೆಸರಿನಲ್ಲಿ ಕೂತಿತ್ತು. ಮಗಳ ಡಿಪ್ಲೊಮಾ ಪ್ರಾಜೆಕ್ಟು ಅದರೊಳಗೆ. ಪುಸ್ತಕದ ಕಪಾಟಿನಲ್ಲಿ ಹಿಡಿಯುವ ಕಂಪ್ಯೂಟರಿಗೆ ಎಷ್ಟು ಹೆಚ್ಚು ಕೊಡಬಹುದು ಎಂದು ಆ ದಿನ ಅವರನ್ನು ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು.

ಇನ್ನು ಕರೆಂಟು. ಮುಂಬಯಿ ಶಹರದಲ್ಲಿ ಇದ್ದವರಿಗೆ ‘ಲೋಡ್ ಶೆಡ್ಡಿಂಗ್’ ಎಂಬುದು ಪೇಪರಿನಲ್ಲಿ ಓದುವ ಶಬ್ದ. ಅಲ್ಲಿ ಬೆಸ್ಟ್, ಟಾಟಾ, ರಿಲಯನ್ಸ್. ನಮಗೆ ರಾಜ್ಯದ ವಿದ್ಯುತ್ ಮಂಡಳಿ, 2005ರ ಜೂನ್‌ನಿಂದ ಅದರ ಹೆಸರು ಮಹಾವಿತರಣ. ಹೆಸರು ಬದಲಾಯಿತು, ಕತ್ತಲೆ ಬದಲಾಗಲಿಲ್ಲ. ಎನ್ರಾನಿನ ದಾಭೋಳ್ ಸ್ಥಾವರ 2001ರಲ್ಲಿ ಬಾಗಿಲು ಹಾಕಿದ ಮೇಲೆ ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ಹೆಚ್ಚುತ್ತಲೇ ಹೋಯಿತು. ಕಲ್ಯಾಣ–ಡೊಂಬಿವಲಿಯಲ್ಲಿ ದಿನಕ್ಕೆ ಗಂಟೆಗಟ್ಟಲೆ ಕಡಿತ. ಸಾಮಾನ್ಯ ಯುಪಿಎಸ್‌ನೊಳಗೆ ಇದ್ದದ್ದು 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ. ಅಂದರೆ 84 ವ್ಯಾಟ್-ಗಂಟೆ. ಪೆಂಟಿಯಮ್-4 ಟವರು, ಹೊಟ್ಟೆಯ ಮಾನಿಟರು ಎರಡೂ ಸೇರಿ ಇನ್ನೂರು ವ್ಯಾಟ್ ಎಳೆದರೆ ಕಾಗದದ ಮೇಲೆ ಇಪ್ಪತ್ತೈದು ನಿಮಿಷ, ನಿಜದಲ್ಲಿ ಹತ್ತು. ಫೈಲು ಸೇವ್ ಮಾಡಿ ದೇವರಿಗೆ ಕೈಮುಗಿಯುವಷ್ಟು ಸಮಯ. ಐವತ್ತು ವ್ಯಾಟಿನಲ್ಲಿ ಮುಗಿಸುವ ಸಣ್ಣ ಪೆಟ್ಟಿಗೆ ಮತ್ತು ಚಪ್ಪಟೆ ಮಾನಿಟರು ಇದ್ದವನು ಅದೇ ಬ್ಯಾಟರಿಯಲ್ಲಿ ಒಂದು ಗಂಟೆಯ ಹತ್ತಿರ ಕೆಲಸ ಮಾಡಬಹುದಿತ್ತು. ಇನ್ವರ್ಟರ್ ಇದ್ದರಂತೂ ಕೇಳುವುದೇ ಬೇಡ. ದಾದರಿನ ಗೃಹಸ್ಥನಿಗೆ ಬರೀ ಶೋಕಿಯಾಗಿದ್ದ ಸಣ್ಣ ಕಂಪ್ಯೂಟರು ಡೊಂಬಿವಲಿಯವನಿಗೆ ಕರೆಂಟಿನ ಲೆಕ್ಕದಲ್ಲಿ ಸಮರ್ಥನೆಯಾಗುತ್ತಿತ್ತು.

ಹಾಗಾದರೆ ನಾವೆಲ್ಲ ಯಾಕೆ ಕೊಳ್ಳಲಿಲ್ಲ? ದುಡ್ಡು ಒಂದು. ಇನ್ನೊಂದು ಕಾರಣ ನಮ್ಮಂಥವರದ್ದು, ಕನ್ನಡ.

ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಲ್ಲೇ ‘ತುಂಗಾ’ ಎಂಬ ಕನ್ನಡ ಅಕ್ಷರ ಬಂದಿತ್ತು. ಶೇಷಾದ್ರಿವಾಸು ಅವರ ಬರಹ ಇತ್ತು, ಗಣಕ ಪರಿಷತ್ತಿನ ನುಡಿ ಇತ್ತು. ಎರಡೂ ವಿಂಡೋಸಿನಲ್ಲಿ ಓಡುವಂಥವು. ಮುಂಬಯಿಯ ಸಂಘಗಳ ಆಮಂತ್ರಣ, ಸ್ಮರಣ ಸಂಚಿಕೆ, ಪೇಪರಿಗೆ ಕಳಿಸುವ ವರದಿ ಎಲ್ಲ ಅದರಲ್ಲೇ ಆಗುತ್ತಿದ್ದದ್ದು. ಮ್ಯಾಕಿನಲ್ಲಿ ಆಗ ದೇವನಾಗರಿ ಇತ್ತು, ಗುಜರಾತಿ ಇತ್ತು, ತಮಿಳು ಇತ್ತು. ಕನ್ನಡ ಬಂದದ್ದು 2011ರಲ್ಲಿ, ‘ಲಯನ್’ ಎಂಬ ಆವೃತ್ತಿಯಲ್ಲಿ. ಆರು ವರ್ಷ ಆ ಚೆಂದದ ಪೆಟ್ಟಿಗೆಯಲ್ಲಿ ಕನ್ನಡ ಪುಟ ತೆರೆದರೆ ಬರೀ ಚೌಕಗಳು ಕಾಣುತ್ತಿದ್ದವು. 2006ರಿಂದ ಇಂಟೆಲ್ ಚಿಪ್ಪಿನ ಮಿನಿಯಲ್ಲಿ ವಿಂಡೋಸ್ ಹಾಕಿಕೊಳ್ಳಬಹುದಾಯಿತು ನಿಜ, ಆದರೆ ವಿಂಡೋಸಿಗೆ ಮತ್ತೆ ಬೇರೆ ದುಡ್ಡು. ಇತ್ತ ಬೆಂಗಳೂರಿನ ಸಿಂಪ್ಯೂಟರ್ ಕನ್ನಡವನ್ನು ಓದಿ ಹೇಳುವಂತೆಯೇ ತಯಾರಾಗಿತ್ತು. ಕನ್ನಡ ಬಲ್ಲ ಸಣ್ಣ ಯಂತ್ರ ಪೇಟೆಯಲ್ಲಿ ಬಾಳಲಿಲ್ಲ, ಬಾಳಿದ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ.

ನಾನು ಸಣ್ಣ ಕಂಪ್ಯೂಟರ್ ಕೊಂಡದ್ದು 2009ರಲ್ಲಿ. ಇಂಟೆಲಿನ ಆ್ಯಟಮ್ ಚಿಪ್ಪು 2008ರಲ್ಲಿ ಬಂದ ಮೇಲೆ ಪುಸ್ತಕದ ಗಾತ್ರದ ಪೆಟ್ಟಿಗೆಗಳು ಹಲವು ಬಂದವು. ನನ್ನದರ ಹೆಸರು ಬೇಡ. ಅಡುಗೆಮನೆಯ ದಾರಿ ಮತ್ತೆ ಅಗಲವಾಯಿತು, ಮನೆಯಲ್ಲಿ ಶಾಂತಿ. ಎರಡು ವರ್ಷ ಚೆನ್ನಾಗಿತ್ತು. ಒಂದು ಮಳೆಗಾಲದಲ್ಲಿ ಅಡಾಪ್ಟರ್ ಸತ್ತಿತು. ಆ ಪಿನ್ನಿನ ಅಡಾಪ್ಟರ್ ಡೊಂಬಿವಲಿಯಲ್ಲಿಲ್ಲ, ಥಾಣೆಯಲ್ಲಿಲ್ಲ, ಲ್ಯಾಮಿಂಗ್ಟನ್ ರೋಡಿನಲ್ಲೂ ಇಲ್ಲ. ಕೊನೆಗೆ ಯಾರೋ ಬೇರೆ ಅಡಾಪ್ಟರಿಗೆ ಪಿನ್ನು ಬೆಸೆದು ಕೊಟ್ಟರು. ಮೂರನೆಯ ದಿನ ಬೋರ್ಡೇ ಹೋಯಿತು. ಅದೇ ತಿಂಗಳು ಪಕ್ಕದ ಮನೆಯವರ ಹಳೇ ಟವರಿನ ಪವರ್ ಸಪ್ಲೈ ಸುಟ್ಟಿತ್ತು. ಸ್ಟೇಶನ್ನಿನ ಹತ್ತಿರದ ಹುಡುಗ ಐದುನೂರು ರೂಪಾಯಿ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಹೊಸದು ಕೂರಿಸಿ ಹೋದ.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು. ಗಾತ್ರಕ್ಕೆ ಕೊಡುವ ಹೆಚ್ಚಿನ ದುಡ್ಡು ಅಂಗಡಿಯಲ್ಲಿ ಕಾಣುತ್ತದೆ. ತೆರೆಯಲಾಗದ್ದಕ್ಕೆ ಕೊಡುವ ದುಡ್ಡು ಆಮೇಲೆ ಕಾಣುತ್ತದೆ, ಮತ್ತು ದೊಡ್ಡದು ಅದೇ.

ಈಗಿನ ಮಿನಿಯನ್ನೇ ನೋಡಿ. 2024ರ ನವೆಂಬರಿನಲ್ಲಿ ಎಂ4 ಚಿಪ್ಪಿನದು ಬಂದಾಗ ಭಾರತದಲ್ಲಿ 59,900 ರೂಪಾಯಿ, 16 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹ. ಐದಿಂಚು ಚೌಕದ ಪೆಟ್ಟಿಗೆ. ಅದರ ಕೆಲಸಕ್ಕೆ ಆ ಬೆಲೆ ಹೆಚ್ಚಲ್ಲ, ನಿಜ ಹೇಳಬೇಕೆಂದರೆ ಕಡಿಮೆಯೇ. ಆದರೆ ಸಂಗ್ರಹ 512 ಜಿಬಿ ಬೇಕೆಂದರೆ 79,900. ರ‍್ಯಾಮೂ 24 ಜಿಬಿ ಬೇಕೆಂದರೆ 99,900. ಒಂದೊಂದು ಮೆಟ್ಟಿಲಿಗೆ ಇಪ್ಪತ್ತು ಸಾವಿರ. ರ‍್ಯಾಮ್ ಒಳಗೇ ಅಂಟಿಕೊಂಡಿರುವುದರಿಂದ ಮುಂದೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಾಕಿಸುತ್ತೇನೆ ಎನ್ನುವ ಹಾಗಿಲ್ಲ.

ಭಾಣಜನ ರೂಮಿನ ಹುಡುಗರು ವಿದ್ಯುತ್ ಉಳಿತಾಯದ ಮಾತೂ ಆಡಿದರಂತೆ. ಲೆಕ್ಕ ಹಾಕಿದೆ. ಮಿನಿ ಸುಮ್ಮನಿದ್ದಾಗ 4 ವ್ಯಾಟ್ ಸಾಕು. ಟವರಿಗೂ ಇದಕ್ಕೂ ಅರುವತ್ತು ವ್ಯಾಟ್ ವ್ಯತ್ಯಾಸ, ದಿನಕ್ಕೆ ನಾಲ್ಕು ಗಂಟೆ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 88 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿಯಾದರೂ ಒಂಬೈನೂರು ರೂಪಾಯಿ ಇಲ್ಲ. ಲೋಡ್ ಶೆಡ್ಡಿಂಗ್ ಕಾಲದ ವಾದ ಈಗ ನಡೆಯುವುದಿಲ್ಲ. ಜಾಗದ ವಾದವೂ ಅಷ್ಟಕ್ಕಷ್ಟೇ. ಟವರ್ ತಿನ್ನುವುದು ಒಂದು ಚದರಡಿ, ಚದರಡಿಗೆ ಹತ್ತು ಸಾವಿರ ಎಂದು ಲೆಕ್ಕ ಹಾಕಿ ಕೆಲವರು ಹೆಮ್ಮೆಪಡುತ್ತಾರೆ. ಮೇಜಿನ ಕೆಳಗಿನ ಆ ಚದರಡಿಯನ್ನು ಯಾರು ಕೊಳ್ಳುತ್ತಾರೆ?

ಅಗ್ಗದ ಇನ್ನೊಂದು ದಾರಿಯೂ ಇದೆ. ಲೆನೊವೊ 2012ರಲ್ಲಿ ‘ಟೈನಿ’ ಎಂಬ ಒಂದು ಲೀಟರ್ ಗಾತ್ರದ ಆಫೀಸು ಕಂಪ್ಯೂಟರ್ ತಂದಿತು, ಡೆಲ್ಲು, ಎಚ್‌ಪಿಗಳಲ್ಲೂ ಅಂಥವು ಬಂದವು. ಆಫೀಸುಗಳು ಬಳಸಿ ಬಿಟ್ಟವು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತವೆ. ಆ ಆಫೀಸು ಮಾದರಿಗಳಲ್ಲಿ ಹೆಚ್ಚಿನವುಗಳ ಮುಚ್ಚಳ ತೆಗೆಯಬಹುದು, ರ‍್ಯಾಮ್ ಬದಲಿಸಬಹುದು. ನೋಡಬೇಕಾದದ್ದು ಒಂದೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ, ಆದ್ದರಿಂದ ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಳೆಯದು ಬೇಡ. ಬರೆಯುವುದು, ಓದುವುದು, ಬ್ಯಾಂಕಿನ ಕೆಲಸ ಮಾಡುವ ನನ್ನಂಥವನಿಗೆ ಇದು ಸಾಕೋ ಸಾಕು, ಈಗ ಇದನ್ನು ಬರೆಯುತ್ತಿರುವುದೂ ಅಂಥದೊಂದರಲ್ಲಿ.

ಆದರೆ ಹುಡುಗನ ಕೆಲಸ ವಿಡಿಯೋ. ಇಡೀ ರಾತ್ರಿಯ ಆಟ, ಎರಡು ಕ್ಯಾಮೆರಾ. ಆ ಹಳೇ ಪೆಟ್ಟಿಗೆಗಳಿಗೆ ಅದು ಸುಲಭವಲ್ಲ. ಇನ್ನೂ ಒಂದು ವಿಷಯ ನನಗೆ ನಿಧಾನವಾಗಿ ಹೊಳೆಯಿತು. ಅವನದ್ದು ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ನಾಲ್ಕು ವರ್ಷದಲ್ಲಿ ಕೋಪರ್‌ಖೈರಣೆ, ರಬಾಳೆ, ಘನ್ಸೋಲಿ ಎಂದು ಮೂರು ಖೋಲಿ ಬದಲಿಸಿದ್ದಾನೆ. ಊರಿಗೆ ಹೋಗುವಾಗ ಥಾಣೆಯಲ್ಲಿ ಮತ್ಸ್ಯಗಂಧ ಹತ್ತುತ್ತಾನೆ. ಮನೆ ಮಾಡಿಕೊಂಡು ಕೂತ ನನಗೆ ತೆರೆಯಬಹುದಾದ ಯಂತ್ರ ಮುಖ್ಯ. ಅವನಿಗೆ ಚೀಲದಲ್ಲಿ ಹಿಡಿಯುವುದು ಮುಖ್ಯ. ನಾನು ಈ ಊರಿಗೆ ಬಂದ ಹೊಸತರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಎಷ್ಟು ಕೋಣೆ ಬದಲಿಸಿದ್ದೆ ಎಂಬುದನ್ನು ಮರೆತುಬಿಟ್ಟಿದ್ದೆ.

ಫೋನು ಮಾಡಿ ಹೇಳಿದೆ, "ಎಲ್ಲಕ್ಕಿಂತ ಕೆಳಗಿನದ್ದನ್ನು ತೆಗೋ. ಮೇಲಿನ ಮೆಟ್ಟಿಲಿಗೆ ಇಪ್ಪತ್ತು ಸಾವಿರ ಕೊಡಬೇಡ. ಹೊರಗಿನಿಂದ ಒಂದು ಎಸ್‌ಎಸ್‌ಡಿ ಸಿಕ್ಕಿಸು, ಆಟದ ವಿಡಿಯೋ ಎಲ್ಲ ಅದರಲ್ಲಿಡು."

"ಹಾಳಾದ್ರೆ ಮಾವ?"

"ಹಾಳಾದ್ರೆ ಹೋಯ್ತು. ಎಸ್‌ಎಸ್‌ಡಿಯಲ್ಲಿ ಇದ್ದದ್ದು ಉಳೀತದೆ. ಅದಕ್ಕೂ ಇನ್ನೊಂದು ಪ್ರತಿ ಇಟ್ಟುಕೋ."

ಎರಡು ವಾರ ಬಿಟ್ಟು ಭಾನುವಾರ ಅದನ್ನೇ ಹೆಗಲ ಚೀಲದಲ್ಲಿ ಹಾಕಿಕೊಂಡು ಬಂದ. ನಮ್ಮ ಟೀವಿಗೆ ಜೋಡಿಸಿ ದೇವೀಮಹಾತ್ಮೆಯ ತುಣುಕು ತೋರಿಸುತ್ತೇನೆ ಎಂದ. ಶುರು ಮಾಡುವ ಗುಂಡಿ ಎಲ್ಲಿ ಎಂದು ಹಿಂದೆ ಮುಂದೆ ಹುಡುಕಿದೆ, ಕಾಣಲಿಲ್ಲ. ಅವನು ನಗುತ್ತಾ ಪೆಟ್ಟಿಗೆಯ ಒಂದು ಮೂಲೆ ಎತ್ತಿ ಅಡಿಯಲ್ಲಿ ಬೆರಳು ಹಾಕಿ ಒತ್ತಿದ. ಟವರಿನದ್ದನ್ನಾದರೆ ಕೂತಲ್ಲಿಂದಲೇ ಕಾಲಿನ ಹೆಬ್ಬೆರಳಲ್ಲಿ ಒತ್ತುತ್ತಿದ್ದೆವು.